ಹೊಳೆ ನಡುವಿನ ಗದ್ದೆಯ ಮಣ್ಣನ್ನು ಉಳಿಸಿಕೊಳ್ಳುವುದು ಹೇಗೆ? ಶ್ರೀರಂಗಪಟ್ಟಣ ಸೀಮೆಯ ಸಣ್ಣ ಹಿಡುವಳಿದಾರರಿಗೊಂದು ಮಾರ್ಗದರ್ಶಿ

ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಒಂದಾಗುವ ನಡುವೆ ಉಳಿದ ನೆಲವೇ ಶ್ರೀರಂಗಪಟ್ಟಣ. ಪಡುವಣ ತುದಿಗೆ ಕೋಟೆ ಮತ್ತು ರಂಗನಾಥನ ಗುಡಿ, ಮೂಡಣ ತುದಿಗೆ ಗಂಜಾಂ ಮತ್ತು ಸಂಗಮ. ಉದ್ದ ಐದು ಕಿಲೋಮೀಟರ್ ಆಸುಪಾಸು, ಅಗಲ ಒಂದೂವರೆ ಕಿಲೋಮೀಟರ್ ಇದ್ದೀತು. ಅಷ್ಟರಲ್ಲೇ ಊರು, ರಸ್ತೆ, ರೈಲು, ಗುಡಿ, ಸಮಾಧಿ ಎಲ್ಲವೂ ಆಗಿ ಮಿಕ್ಕ ಜಾಗದಲ್ಲಿ ಗದ್ದೆ, ತೆಂಗು, ಕಬ್ಬು. ನೋಡಲು ಬರುವವರಿಗೆ ಇದು ಇತಿಹಾಸದ ಊರು. ಅರ್ಧ ಎಕರೆ, ಒಂದು ಎಕರೆ ಇಟ್ಟುಕೊಂಡು ಬದುಕುವವರಿಗೆ ಇದು ದ್ವೀಪ. ಜಮೀನು ಬೆಳೆಯುವುದಿಲ್ಲ, ಅಂಚು ಮಾತ್ರ ಸವೆಯುತ್ತದೆ.

ಇಲ್ಲಿನ ನೆಲಕ್ಕೆ ಹಿಂದೆ ಒಂದು ಅನುಕೂಲವಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಮೆಕ್ಕಲು ಮಣ್ಣು ತಗ್ಗಿನ ಗದ್ದೆಗಳಲ್ಲಿ ಕೂರುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಮ್ಮ ಸೀಮೆಗೆ ಅನ್ನ ಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟೆ ಮುಗಿದಂದಿನಿಂದ ಹೊಳೆ ಹೊತ್ತು ತರುವ ಗೋಡಿನ ಬಹುಪಾಲು ಜಲಾಶಯದ ತಳದಲ್ಲೇ ಉಳಿಯುತ್ತದೆ. ಈಗ ನಮಗೆ ಬರುವುದು ನೀರು. ಮಣ್ಣಿಗೆ ಉಣಿಸುವ ಕೆಲಸ ಹೊಳೆಯ ಕೈಯಿಂದ ರೈತನ ಕೈಗೆ ಬಂದು ತೊಂಬತ್ತು ವರ್ಷ ದಾಟಿದೆ. ನಾವು ಅದನ್ನು ಯೂರಿಯಾ ಮೂಟೆಯ ಕೈಗೆ ವರ್ಗಾಯಿಸಿ ಸುಮ್ಮನಾಗಿದ್ದೇವೆ ಎಂಬುದೇ ನನ್ನ ತಕರಾರು.

ಹವಳದ ದ್ವೀಪಗಳಲ್ಲಿ ಬೇಸಾಯ ಮಾಡುವವರ ಕಷ್ಟ ನಮಗಿಂತ ಹೆಚ್ಚಿನದು. ಲಕ್ಷದ್ವೀಪದ ಮಣ್ಣೆಂದರೆ ಹವಳದ ಮರಳು. ಸುಣ್ಣದ ಅಂಶ ಹೆಚ್ಚು, ಸಾರ ಕಡಿಮೆ, ಕೆಳಗೆ ತೆಳುವಾದ ಸಿಹಿನೀರಿನ ಪದರ, ಅದರ ಕೆಳಗೆ ಉಪ್ಪುನೀರು. ಶಾಂತಸಾಗರದ ಕಿರಿಬಾಟಿಯಲ್ಲಿ ಜನ ನೀರಿನ ಮಟ್ಟದವರೆಗೆ ಗುಂಡಿ ತೋಡಿ, ಅದರಲ್ಲಿ ಬಬೈ ಎಂಬ ದೊಡ್ಡ ಕೆಸುವಿನ ಗೆಡ್ಡೆ ನೆಟ್ಟು, ಬುಡಕ್ಕೆ ಮರದ ಎಲೆ ಒಟ್ಟುತ್ತಾ ಮಣ್ಣನ್ನೇ ತಯಾರಿಸಿಕೊಂಡಿದ್ದಾರೆ. ಎಲೆ ಎಂದರೆ ಅವರಿಗೆ ಕಸವಲ್ಲ, ಮುಂದಿನ ವರ್ಷದ ಮಣ್ಣು. ನಮ್ಮಲ್ಲಿ ಕಬ್ಬು ಕಡಿದ ಮರುದಿನ ಬೆಂಕಿ ಕಡ್ಡಿ ಗೀರುತ್ತೇವೆ.

ಮುಂದೆ ಬರೆದಿರುವುದು ಶ್ರೀರಂಗಪಟ್ಟಣ ದ್ವೀಪವನ್ನು ಮನಸ್ಸಿನಲ್ಲಿಟ್ಟುಕೊಂಡು. ಶಿವನಸಮುದ್ರಕ್ಕೂ, ಮಂಡ್ಯ, ಪಾಂಡವಪುರ, ಮದ್ದೂರು ಕಡೆಯ ನಾಲೆ ಬಯಲಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಹೆಜ್ಜೆಗಳ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ. ನೀರು ಬಸಿಯುವ ದಾರಿ ಮಾಡದೆ ಗೊಬ್ಬರ ಹಾಕಿದರೂ, ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಿದರೂ ದುಡ್ಡು ಹೊಳೆಗೆ ಹೋಗುತ್ತದೆ.

ಮೊದಲು ಒಂದು ಗುಂಡಿ ತೋಡಿ

ಪ್ರಯೋಗಾಲಯಕ್ಕೆ ಹೋಗುವ ಮೊದಲು ನಿಮ್ಮ ಕಣ್ಣಿಗೆ ಕಾಣುವುದನ್ನು ನೋಡಿ. ಕೊಯ್ಲಾದ ಮೇಲೆ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ, ಗದ್ದೆಯ ನಡುವೆ ಎರಡು ಅಡಿ ಆಳದ ಗುಂಡಿ ತೋಡಿ, ಒಂದು ಬದಿಯನ್ನು ಸನಿಕೆಯಿಂದ ನೇರವಾಗಿ ಸವರಿ. ಮೇಲಿನ ಐದಾರು ಇಂಚು ಮೃದುವಾಗಿರುತ್ತದೆ. ಅದರ ಕೆಳಗೆ ಸನಿಕೆ ಟಣ್ಣೆಂದು ನಿಲ್ಲುವ ಗಟ್ಟಿ ಪದರ ಸಿಗುತ್ತದೆ. ವರ್ಷಗಟ್ಟಲೆ ಕೆಸರು ಮಾಡಿ, ಟ್ರ್ಯಾಕ್ಟರ್ ತುಳಿದು ಆದದ್ದು ಅದು. ಭತ್ತಕ್ಕೆ ಅದು ಬೇಕು, ನೀರು ನಿಲ್ಲಿಸುತ್ತದೆ. ಅದೇ ಗದ್ದೆಗೆ ಕಬ್ಬು ಹಾಕಿದರೆ ಬೇರು ಅಲ್ಲಿಗೇ ಅಡ್ಡ ತಿರುಗುತ್ತದೆ.

ಇನ್ನೂ ಹತ್ತಿರದಿಂದ ನೋಡಿ. ಒಂದು ಹೆಂಟೆಯನ್ನು ಕೈಯಲ್ಲಿ ಮುರಿಯಿರಿ. ಭತ್ತದ ಬೇರು ಇಳಿದಿದ್ದ ಸಣ್ಣ ಕೊಳವೆಗಳ ಸುತ್ತ ತುಕ್ಕಿನ ಬಣ್ಣದ ಗೆರೆಗಳಿದ್ದರೆ, ನೀರು ನಿಂತು ಆಮೇಲೆ ಆರಿದ್ದರಿಂದ ಬೇರಿನ ಜಾಡಿನಲ್ಲಿ ಗಾಳಿ ಹೋಗಿದೆ ಎಂದರ್ಥ. ಅಂಥ ಗೆರೆ ಇಲ್ಲದೆ ಇಡೀ ಹೆಂಟೆ ನೀಲಿಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಜಾಗ ವರ್ಷಪೂರ್ತಿ ಜೌಗು. ಅಲ್ಲಿ ನಿಮ್ಮ ಮೊದಲ ಕೆಲಸ ಬಸಿಗಾಲುವೆ. ಎರೆಹುಳುವಿನ ಬಿಲ ಎಷ್ಟಿವೆ ನೋಡಿ. ಒಂದೂ ಕಾಣದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಎರಡನೆಯ ಪರೀಕ್ಷೆಗೆ ಒಂದು ಗಾಜಿನ ಲೋಟ ಸಾಕು. ಒಣಗಿದ ಹೆಂಟೆಯೊಂದನ್ನು ಲೋಟದ ನೀರಿಗೆ ಮೆಲ್ಲಗೆ ಬಿಡಿ. ನಿಮ್ಮ ಗದ್ದೆಯ ಹೆಂಟೆ ಒಂದು, ಹಲವು ವರ್ಷ ಉಳುಮೆ ಕಾಣದ ಬದುವಿನ ಮೇಲಿನ ಹೆಂಟೆ ಇನ್ನೊಂದು, ಎರಡು ಲೋಟ ಪಕ್ಕಪಕ್ಕ ಇಡಿ. ಬದುವಿನದು ಬಹಳ ಹೊತ್ತು ಹಾಗೇ ನಿಂತಿದ್ದು, ಗದ್ದೆಯದು ಕೆಲವೇ ನಿಮಿಷಗಳಲ್ಲಿ ಕುಸಿದು ರಾಡಿಯಾದರೆ, ಮಣ್ಣಿನ ಕಣಗಳನ್ನು ಹಿಡಿದಿಡುವ ಸಾವಯವ ಅಂಟು ನಿಮ್ಮ ಗದ್ದೆಯಲ್ಲಿ ಖಾಲಿಯಾಗಿದೆ. ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಇದನ್ನು ಮಾಡಿ. ಅದೇ ಊರು, ಅದೇ ಮಣ್ಣು, ನಡುವೆ ನಾಲ್ಕು ಅಡಿ ಅಂತರ; ಬೇರೆ ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಮಣ್ಣು ಪರೀಕ್ಷೆ: ಮಾದರಿ ಸರಿ ಇದ್ದರೆ ಮಾತ್ರ ಉತ್ತರ ಸರಿ

2015ರಿಂದ ಮಣ್ಣು ಆರೋಗ್ಯ ಚೀಟಿ ಯೋಜನೆ ಇದೆ. ಅದರಲ್ಲಿ ಹನ್ನೆರಡು ಅಂಶಗಳು ಬರುತ್ತವೆ: ರಸಸಾರ (ಪಿ.ಎಚ್.), ಲವಣಾಂಶ (ಇ.ಸಿ.), ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಮಾದರಿ ಎಲ್ಲಿಗೆ ಕೊಡಬೇಕೆಂದು ಹೇಳುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ವಲಯ ಕೃಷಿ ಸಂಶೋಧನಾ ಕೇಂದ್ರವೂ ಇದೆ. ಭತ್ತ ಮತ್ತು ಕಬ್ಬಿನ ವಿಚಾರದಲ್ಲಿ ಅಲ್ಲಿನವರ ಸಲಹೆ ನಮ್ಮ ಸೀಮೆಯ ಮಣ್ಣನ್ನು ನೋಡಿ ಹೇಳಿದ್ದಾಗಿರುತ್ತದೆ, ಅಂಗಡಿಯವರ ಸಲಹೆಗಿಂತ ಅದನ್ನು ನಂಬಿ.

ಮಾದರಿ ತೆಗೆಯುವುದು ಹೀಗೆ. ಬೆಳೆ ಇಲ್ಲದಾಗ, ಗೊಬ್ಬರ ಹಾಕುವ ಮೊದಲು, ಗದ್ದೆಯಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಕರೆಗೆ ಹತ್ತು ಹದಿನೈದು ಕಡೆ ನಿಲ್ಲಿ. ತೆವರಿಯ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ಬರುವ ಮಡೆ ಬಿಟ್ಟುಬಿಡಿ. ಮೇಲಿನ ಕಸ ಕೆರೆದು, ಇಂಗ್ಲಿಷ್‌ನ ವಿ ಅಕ್ಷರದ ಆಕಾರದಲ್ಲಿ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಪದರ ಸವರಿ ತೆಗೆಯಿರಿ. ಭತ್ತಕ್ಕೆ ಅರ್ಧ ಅಡಿ ಆಳ, ಕಬ್ಬಿಗೆ ಒಂದು ಅಡಿ. ತೆಂಗಿಗೆ ಮೂರು ಅಡಿಯವರೆಗೆ ಹೋಗಿ, ಪ್ರತಿ ಅಡಿಯ ಮಣ್ಣನ್ನು ಬೇರೆ ಬೇರೆಯಾಗಿ ಇಡಬೇಕು. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕೂಡಿಸಿ. ಸತುವಿನ ಲೇಪವಿರುವ ಬಾಂಡ್ಲಿಯಲ್ಲಿ ಕಲಸಿದರೆ ವರದಿಯಲ್ಲಿ ಸತು ಸುಳ್ಳಾಗಿ ಹೆಚ್ಚು ಕಾಣುತ್ತದೆ. ಹಳೆಯ ಯೂರಿಯಾ ಚೀಲದ ಮೇಲೆ ಒಣಗಿಸಿದರೆ ಸಾರಜನಕದ್ದೂ ಅದೇ ಕಥೆ. ಕೂಡಿಸಿದ ಮಣ್ಣನ್ನು ನಾಲ್ಕು ಪಾಲು ಮಾಡಿ ಎದುರುಬದುರು ಎರಡನ್ನು ತೆಗೆದುಹಾಕುತ್ತಾ ಹೋಗಿ, ಅರ್ಧ ಕೆ.ಜಿ. ಉಳಿದಾಗ ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಬರೆದ ಚೀಟಿ ಒಳಗೊಂದು, ಹೊರಗೊಂದು.

ದ್ವೀಪದ ಜಮೀನಿನಲ್ಲಿ ಒಂದು ವಿಶೇಷ ಎಚ್ಚರ ಬೇಕು. ಹೊಳೆಯ ಅಂಚಿನಲ್ಲಿ ಮರಳು ಮಿಶ್ರಿತ ಮೆಕ್ಕಲು, ಎರಡು ಗದ್ದೆ ಮೇಲಕ್ಕೆ ಹೋದರೆ ಕೆಂಪು, ತಗ್ಗಿನಲ್ಲಿ ಜಿಗುಟು, ಹೀಗೆ ಒಂದೇ ಎಕರೆಯಲ್ಲಿ ಮೂರು ಮಣ್ಣು ಇರಬಹುದು. ಮೂರನ್ನೂ ಬೆರೆಸಿ ಒಂದೇ ಮಾದರಿ ಕೊಟ್ಟರೆ ಬರುವ ಉತ್ತರ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಬೇರೆ ಬೇರೆ ಕೊಡಿ.

ವರದಿ ಬಂದ ಮೇಲೆ ನಾನು ಮೊದಲು ನೋಡುವುದು ಸಾವಯವ ಇಂಗಾಲದ ಸಾಲನ್ನು. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಒಳ್ಳೆಯದು. ರಸಸಾರ 6.5ರಿಂದ 7.5 ಇದ್ದರೆ ನೆಮ್ಮದಿ. 8.5 ದಾಟಿದ್ದರೆ ಸೋಡಿಯಂ ಸೇರಿಕೊಂಡ ಕ್ಷಾರ ಮಣ್ಣು ಎಂಬ ಅನುಮಾನ ಇಟ್ಟುಕೊಳ್ಳಿ. ಲವಣಾಂಶ 1ರ ಒಳಗಿದ್ದರೆ ತೊಂದರೆಯಿಲ್ಲ.

ನೀರಿಗೆ ಹೊರಹೋಗುವ ದಾರಿ

ನಮ್ಮ ಭಾಗದಲ್ಲಿ ನೀರು ತರುವ ಜಾಣ್ಮೆಗೆ ಕೊರತೆಯಿಲ್ಲ. ಕನ್ನಂಬಾಡಿಗಿಂತ ನೂರಾರು ವರ್ಷ ಮುಂಚೆಯೇ ಅಣೆಕಟ್ಟೆ ಕಟ್ಟಿ ವಿರಿಜಾ, ಚಿಕ್ಕದೇವರಾಜ ಸಾಗರ, ಬಂಗಾರದೊಡ್ಡಿ ನಾಲೆಗಳನ್ನು ಎಳೆದವರು ನಾವು. ಬಂಗಾರದೊಡ್ಡಿ ನಾಲೆಯಂತೂ ಹೊಳೆಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪದೊಳಗೆ ಬರುತ್ತದೆ. ಆದರೆ ಬಂದ ನೀರನ್ನು ಕಳಿಸುವ ಬಸಿಗಾಲುವೆಗಳ ಮೇಲೆ ನಮಗೆ ಅಷ್ಟು ಪ್ರೀತಿಯಿಲ್ಲ. ಅವು ಹೂಳು ತುಂಬಿವೆ, ಕೆಲವೆಡೆ ಒತ್ತುವರಿಯಾಗಿ ಗದ್ದೆಯೊಳಗೇ ಸೇರಿಹೋಗಿವೆ. ತಗ್ಗಿನವನ ಗದ್ದೆ ಕೆಡುವುದು ಇಲ್ಲಿಂದಲೇ. ಮೇಲಿನ ಗದ್ದೆಯ ನೀರು ಇಳಿದು ತಗ್ಗಿನಲ್ಲಿ ನಿಂತು, ಬೇಸಿಗೆಯಲ್ಲಿ ಆವಿಯಾಗಿ, ಕರಗಿದ್ದ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟು ಹೋಗುತ್ತದೆ. ಅದೇ ಸವುಳು.

ಮಾಡಬೇಕಾದದ್ದು ಇಷ್ಟು. ಜಮೀನಿನ ತಗ್ಗಿನ ಅಂಚಿನಲ್ಲಿ ಎರಡರಿಂದ ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಅದನ್ನು ಊರಿನ ಹಳ್ಳಕ್ಕೋ ಹೊಳೆಗೋ ಸೇರಿಸಿ. ಒಬ್ಬರೇ ಮಾಡಿದರೆ ಪಕ್ಕದವರ ಗದ್ದೆಗೆ ನೀರು ನುಗ್ಗುತ್ತದೆ. ಆದ್ದರಿಂದ ಒಂದು ತೂಬಿನ ಕೆಳಗೆ ಬರುವ ಎಲ್ಲರೂ ಕೂತು ಮಾತಾಡಿ, ನಾಲೆಗೆ ನೀರು ಬಿಡದ ಬೇಸಿಗೆಯಲ್ಲಿ ಒಟ್ಟಿಗೆ ಕೆಲಸ ಮಾಡುವುದೇ ಸರಿ. ಇದು ಈ ಲೇಖನದ ಎಲ್ಲ ಕೆಲಸಗಳಲ್ಲಿ ಕಷ್ಟದ್ದು, ಏಕೆಂದರೆ ಇದಕ್ಕೆ ಮಣ್ಣಿಗಿಂತ ಮೊದಲು ಮನುಷ್ಯರನ್ನು ಒಪ್ಪಿಸಬೇಕು. ಆದರೂ ಇದನ್ನು ಹಾರಿಸಿ ಮುಂದೆ ಹೋಗಲು ದಾರಿಯಿಲ್ಲ.

ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕು ಎಂಬ ನಂಬಿಕೆಯನ್ನೂ ಬಿಡಬಹುದು. ಒಂದು ಅಡಿ ಉದ್ದದ, ಅರ್ಧ ಅಡಿ ಅಗಲದ ಪಿ.ವಿ.ಸಿ. ಕೊಳವೆಗೆ ಕೆಳಗಿನ ಅರ್ಧ ಭಾಗದಲ್ಲಿ ತೂತು ಹೊಡೆದು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಮೇಲಿನ ನೀರು ಇಂಗಿದ ಮೇಲೂ ಕೊಳವೆಯೊಳಗೆ ನೀರು ಎಲ್ಲಿದೆ ಎಂದು ಕಾಣುತ್ತದೆ. ನೆಲದಿಂದ ಅರ್ಧ ಅಡಿ ಕೆಳಕ್ಕೆ ಇಳಿದಾಗ ಮತ್ತೆ ನೀರು ಕಟ್ಟಿ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂವಾಡುವ ಸಮಯದಲ್ಲಿ ಮಾತ್ರ ತೆಳುವಾಗಿ ನೀರು ನಿಂತಿರಲಿ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆ ನೀರು ಬಿಡುವ ವರ್ಷಗಳಲ್ಲಿ, 2023ರಂಥ ಬರದಲ್ಲಿ, ಈ ಅಭ್ಯಾಸ ಇದ್ದವರಿಗೆ ಆತಂಕ ಕಡಿಮೆ. ನೀರು ಉಳಿಯುತ್ತದೆ, ಬೇರಿಗೆ ಗಾಳಿ ಸಿಗುತ್ತದೆ.

ಸವುಳು ಬಿದ್ದ ಜಾಗಕ್ಕೆ

ಬೇಸಿಗೆಯಲ್ಲಿ ಬಿಳಿ ಪುಡಿ ಮೇಲೆದ್ದು, ಅದರ ಕೆಳಗಿನ ಮಣ್ಣು ಉದುರಾಗಿದ್ದರೆ ಅದು ಬರೀ ಉಪ್ಪಿನ ತೊಂದರೆ. ಬಸಿಗಾಲುವೆ ತೆಗೆದು, ಚೆನ್ನಾಗಿ ನೀರು ಕಟ್ಟಿ ಬಸಿದುಬಿಟ್ಟರೆ ಎರಡು ಮೂರು ಸಲಕ್ಕೆ ಇಳಿಯುತ್ತದೆ. ಜಿಪ್ಸಂ ಬೇಕಿಲ್ಲ. ಮೇಲ್ಪದರ ಕಪ್ಪಗೆ ಜಿಡ್ಡಾಗಿ, ಒದ್ದೆಯಾದಾಗ ಜಾರುತ್ತಾ, ಒಣಗಿದಾಗ ಕಲ್ಲಿನಂತೆ ಬಿರಿಯುತ್ತಿದ್ದರೆ, ರಸಸಾರವೂ 8.5 ದಾಟಿದ್ದರೆ ಆಗ ಸೋಡಿಯಂ ತೊಂದರೆ. ಅಲ್ಲಿ ಬರೀ ನೀರು ಕಟ್ಟಿದರೆ ನೀರು ಇಂಗುವುದೇ ಇಲ್ಲ. ಪ್ರಯೋಗಾಲಯ ಹೇಳಿದಷ್ಟು ಜಿಪ್ಸಂ ಹಾಕಿ, ಮೇಲಿನ ಮೂರು ನಾಲ್ಕು ಇಂಚಿಗೆ ಬೆರೆಸಿ, ಒಂದೆರಡು ವಾರ ನೀರು ನಿಲ್ಲಿಸಿ ಬಸಿದುಬಿಡಿ. ಜಿಪ್ಸಂನ ಸುಣ್ಣದಂಶ ಮಣ್ಣಿನ ಕಣವನ್ನು ಹಿಡಿದುಕೊಂಡು ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ನೀರಿನೊಡನೆ ಹೊರಗೆ ಹೋಗಬೇಕು. ಹೋಗಲು ಕಾಲುವೆ ಇಲ್ಲದಿದ್ದರೆ ಅದು ಅಲ್ಲೇ ಇರುತ್ತದೆ. ಆಮೇಲೆ ಡಯಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ, ಬೆಳೆದದ್ದನ್ನು ಮಣ್ಣಿಗೇ ಉಳುಮೆ ಮಾಡಿ, ಮೊದಲ ಬೆಳೆಯಾಗಿ ಭತ್ತವನ್ನೇ ಹಾಕಿ.

ತರಗನ್ನು ಸುಡಬೇಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಕಬ್ಬು ಕಡಿದ ಒಂದು ಎಕರೆಯಲ್ಲಿ ಮೂರರಿಂದ ನಾಲ್ಕು ಟನ್ ಒಣ ತರಗು ಬೀಳುತ್ತದೆ. ಕೆಲವು ಕಡೆ ಇದನ್ನೇ ರವದಿ ಎನ್ನುತ್ತಾರೆ. ಅದರಲ್ಲಿ ಹನ್ನೆರಡರಿಂದ ಇಪ್ಪತ್ತು ಕೆ.ಜಿ.ಯಷ್ಟು ಸಾರಜನಕ ಇರುತ್ತದೆ. ಬೆಂಕಿ ಇಟ್ಟರೆ ಆ ಸಾರಜನಕ ಹೆಚ್ಚೂಕಡಿಮೆ ಪೂರ್ತಿ, ಗಂಧಕವೂ ಬಹಳಷ್ಟು ಹೊಗೆಯಾಗಿ ಹೋಗುತ್ತವೆ. ಬೂದಿಯಲ್ಲಿ ಉಳಿಯುವ ಪೊಟ್ಯಾಷ್ ಮೊದಲ ಮಳೆಗೆ ತೊಳೆದು ಹೊಳೆ ಸೇರುತ್ತದೆ. ಸಾವಯವ ಇಂಗಾಲ ಶೇ 0.4 ಎಂದು ವರದಿ ಬಂದ ಗದ್ದೆಯಲ್ಲೇ ನಾವು ವರ್ಷವರ್ಷವೂ ಮೂರು ಟನ್ ಇಂಧನವನ್ನು ಉರಿಸುತ್ತೇವೆ, ಆಮೇಲೆ ಗೊಬ್ಬರದ ಅಂಗಡಿಯಲ್ಲಿ ಸಾಲ ಹೇಳುತ್ತೇವೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸುಡುವವರಿಗೂ ಕಾರಣಗಳಿವೆ. ಕೂಲಿಯಾಳು ಸಿಗುವುದಿಲ್ಲ, ತರಗಿನಲ್ಲಿ ಹಾವು, ಇಲಿ, ನೀರು ಹಾಯಿಸಲು ಅಡ್ಡ. ಅದಕ್ಕೆ ಪರಿಹಾರ ಇದೆ. ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬಿಡುವ ಗದ್ದೆಯಾದರೆ ತರಗನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಸಿ. ತರಗಿಲ್ಲದ ಸಾಲಿನಲ್ಲಿ ನೀರು ಹಾಯಿಸಿ, ಅಲ್ಲೇ ಗೊಬ್ಬರ ಕೊಟ್ಟು ಮಣ್ಣು ಏರಿಸಿ. ತರಗಿರುವ ಸಾಲಿನಲ್ಲಿ ಕಳೆ ಏಳುವುದಿಲ್ಲ, ತೇವ ಉಳಿಯುತ್ತದೆ. ಬೇಗ ಕಳಿಯಬೇಕೆಂದರೆ ಪ್ರತಿ ಟನ್ ತರಗಿಗೆ ಸುಮಾರು 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, ಒಂದು ಕೆ.ಜಿ. ಕಳಿಸುವ ಜೀವಾಣು ಪುಡಿಯನ್ನು ಸಗಣಿ ನೀರಿನಲ್ಲಿ ಕದಡಿ ಚಿಮುಕಿಸಿ. ಇಲ್ಲಿ ಯೂರಿಯಾ ಬೇಕೇ ಬೇಕು. ತರಗಿನಲ್ಲಿ ಇಂಗಾಲ ಬಹಳ, ಸಾರಜನಕ ಅಲ್ಪ, ಆದ್ದರಿಂದ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ‘ತರಗು ಬಿಟ್ಟಿದ್ದಕ್ಕೆ ಕೂಳೆ ಹಳದಿಯಾಯಿತು’ ಎಂದು ಹೇಳುವವರ ಗದ್ದೆಯಲ್ಲಿ ಆಗಿರುವುದು ಇದೇ. ತರಗನ್ನು ಪುಡಿಮಾಡುವ ಯಂತ್ರವನ್ನು ಟ್ರ್ಯಾಕ್ಟರ್‌ಗೆ ಜೋಡಿಸಿ ಹೊಡೆಸಿದರೆ ಇನ್ನೂ ಸುಲಭ. ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಆಲೆಮನೆಯ ಬೂದಿ ಸಿಗುವ ಕಡೆ ಅದನ್ನು ತೆಂಗಿನ ಬುಡಕ್ಕೆ ಬಳಸಬಹುದು. ಆದರೆ ಆ ಒಲೆಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಮಾತ್ರ ಹಾಕಿದ್ದಾರೋ, ಹಳೆಯ ಟೈರು, ಪ್ಲಾಸ್ಟಿಕ್ಕನ್ನೂ ಉರಿಸಿದ್ದಾರೋ ಕೇಳಿಕೊಳ್ಳಿ. ಎರಡನೆಯದಾದರೆ ಆ ಬೂದಿ ನಿಮ್ಮ ಮಣ್ಣಿಗೆ ಬೇಡ.

ಹಸಿರೆಲೆ ಗೊಬ್ಬರ ಮತ್ತು ಕೊಟ್ಟಿಗೆ

ದನಗಳು ಕಡಿಮೆಯಾಗಿವೆ. ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಎಂಬ ಶಿಫಾರಸು ಕೇಳಲು ಚೆನ್ನ, ಒಂದು ಹಸು ಇರುವ ಮನೆಗೆ ಅದು ಆಗುವ ಮಾತಲ್ಲ. ಆದ್ದರಿಂದ ಗೊಬ್ಬರವನ್ನು ಗದ್ದೆಯಲ್ಲೇ ಬೆಳೆದುಕೊಳ್ಳಬೇಕು. ಮುಂಗಾರು ಪೂರ್ವ ಮಳೆ ಬಿದ್ದೊಡನೆ ಎಕರೆಗೆ 10ರಿಂದ 15 ಕೆ.ಜಿ. ಸೆಣಬು ಅಥವಾ ಡಯಂಚ ಬಿತ್ತಿ. ಜೌಗು, ಸವುಳು ಇರುವಲ್ಲಿ ಡಯಂಚ, ನೀರು ಬಸಿಯುವ ಮೇಲಿನ ಗದ್ದೆಗೆ ಸೆಣಬು. 45ರಿಂದ 50 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಮಣ್ಣಿಗೆ ಸೇರಿಸಿ. ಕಾಯಿ ಕಟ್ಟುವವರೆಗೆ ಬಿಟ್ಟರೆ ಕಾಂಡ ನಾರಾಗುತ್ತದೆ, ಕಳಿಯುವುದಿಲ್ಲ. ಚೆನ್ನಾಗಿ ಬಂದರೆ ಎಕರೆಗೆ ಆರರಿಂದ ಎಂಟು ಟನ್ ಹಸಿ ಸೊಪ್ಪು. ನಾಲೆಗೆ ನೀರು ಬಿಡುವುದು ಸಾಮಾನ್ಯವಾಗಿ ತಡವಾಗುವುದರಿಂದ ಈ ಐವತ್ತು ದಿನ ನಮ್ಮಲ್ಲಿ ಹೇಗೂ ಗದ್ದೆ ಖಾಲಿ ಬಿದ್ದಿರುತ್ತದೆ.

ಬದುವಿನ ಮೇಲೆ ಗ್ಲಿರಿಸಿಡಿಯಾ ಕಡ್ಡಿ ನೆಟ್ಟರೆ ಎರಡನೇ ವರ್ಷದಿಂದ ಸೊಪ್ಪು ಕಡಿಯಬಹುದು. ಹೊಂಗೆಯ ಸೊಪ್ಪೂ ಆದೀತು. ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲಿ ಉದ್ದು, ಹೆಸರು, ಅಲಸಂದೆ ಚೆಲ್ಲಿ. ಭತ್ತದ ಮೇಲೆ ಭತ್ತ ಅಥವಾ ವರ್ಷಾನುಗಟ್ಟಲೆ ಕಬ್ಬೇ ಕಬ್ಬು ಎಂಬ ರೂಢಿಯಿಂದ ಮಣ್ಣಿಗೆ ಸಿಗುವ ಬಿಡುವು ಇದೊಂದೇ.

ತಿಪ್ಪೆಯನ್ನು ಬಿಸಿಲಿಗೆ, ಮಳೆಗೆ ಬಿಡಬೇಡಿ. ಮೂರು ಅಡಿ ಆಳದ ಗುಂಡಿ, ಮೇಲೆ ತೆಂಗಿನ ಗರಿಯ ಚಪ್ಪರ, ಗಂಜಲ ಹರಿದು ಬರುವ ಸಣ್ಣ ಕಾಲುವೆ, ಇಷ್ಟಿದ್ದರೆ ಅದೇ ಸಗಣಿಯಲ್ಲಿ ಸಾರ ಹೆಚ್ಚು ಉಳಿಯುತ್ತದೆ. ತೆಂಗಿನ ತೋಟದ ಪಕ್ಕ ತಿಪ್ಪೆ ಇದ್ದರೆ ತಿಂಗಳಿಗೊಮ್ಮೆಯಾದರೂ ತಿರುವಿ ಹಾಕಿ, ಒಳಗಿನ ಬಿಳಿ ಹುಳುಗಳನ್ನು ಆರಿಸಿ ಕೊಲ್ಲಿ. ತೆಂಗಿನ ಸುಳಿ ಕೊರೆಯುವ ದುಂಬಿ ಅಲ್ಲೇ ಮರಿ ಮಾಡುವುದು.

ಜೀವಾಮೃತದ ಬಗ್ಗೆ ಹಲವರು ಕೇಳುತ್ತಾರೆ. ಮಾಡಿ, ತಪ್ಪೇನಿಲ್ಲ. ಆದರೆ ಇನ್ನೂರು ಲೀಟರ್ ಡ್ರಮ್ಮಿನ ಹತ್ತು ಕೆ.ಜಿ. ಸಗಣಿ, ಎರಡು ಕೆ.ಜಿ. ಬೆಲ್ಲ ಒಂದು ಎಕರೆಯ ಹೊಟ್ಟೆ ತುಂಬಿಸುವುದಿಲ್ಲ. ಜೀವಾಣುಗಳಿಗೆ ತಿನ್ನಲು ಮಣ್ಣಿನಲ್ಲಿ ತರಗು, ಸೊಪ್ಪು, ಬೇರು ಇರಬೇಕು. ಅವನ್ನು ಸುಟ್ಟು ಜೀವಾಮೃತ ಸುರಿದರೆ ಪ್ರಯೋಜನವಿಲ್ಲ.

ಗೊಬ್ಬರದ ಲೆಕ್ಕ

ನೀರಾವರಿ ಭತ್ತಕ್ಕೆ ನಮ್ಮ ಭಾಗದ ಶಿಫಾರಸು ಹೆಕ್ಟೇರಿಗೆ 100:50:50, ಅಂದರೆ ಎಕರೆಗೆ 40 ಕೆ.ಜಿ. ಸಾರಜನಕ, 20 ರಂಜಕ, 20 ಪೊಟ್ಯಾಷ್. 40 ಕೆ.ಜಿ. ಸಾರಜನಕವೆಂದರೆ 87 ಕೆ.ಜಿ. ಯೂರಿಯಾ, ಈಗಿನ 45 ಕೆ.ಜಿ. ಮೂಟೆಯಲ್ಲಿ ಎರಡಕ್ಕೂ ತುಸು ಕಡಿಮೆ. ರಂಜಕಕ್ಕೆಂದು ಒಂದು ಮೂಟೆ ಡಿ.ಎ.ಪಿ. ಹಾಕಿದ್ದರೆ ಅದರಲ್ಲೇ 9 ಕೆ.ಜಿ. ಸಾರಜನಕ ಬಂದಿರುತ್ತದೆ, ಯೂರಿಯಾದಲ್ಲಿ 20 ಕೆ.ಜಿ. ಕಳೆಯಿರಿ. ಹಸಿರೆಲೆ ಹಾಕಿದ್ದರೆ ಇನ್ನೂ ಇಳಿಸಬಹುದು. ಈ ಲೆಕ್ಕ ಮಾಡಿ ನೋಡಿ, ಮೂರು ನಾಲ್ಕು ಮೂಟೆ ಸುರಿಯುವ ಅಭ್ಯಾಸ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಅರ್ಧ ಸಾರಜನಕ ನಾಟಿಯ ಹೊತ್ತಿಗೆ, ಕಾಲು ಭಾಗ ತೆಂಡೆ ಒಡೆಯುವಾಗ, ಉಳಿದ ಕಾಲು ಹೊಡೆ ತುಂಬುವ ಮುಂಚೆ. ಗದ್ದೆಯ ನೀರು ಬಸಿದು ಗೊಬ್ಬರ ಹಾಕಿ, ಮಾರನೆಯ ದಿನ ನೀರು ಕಟ್ಟಿ. ದ್ವೀಪದಲ್ಲಿ ಗೊಬ್ಬರ ಹಾಕಿದ ದಿನವೇ ಮಡೆ ತೆರೆದಿಟ್ಟರೆ ಅದು ಅರ್ಧ ಗಂಟೆಯಲ್ಲಿ ಕಾವೇರಿಯಲ್ಲಿರುತ್ತದೆ. ಕೆಳಗಿನ ಊರುಗಳು ಅದೇ ನೀರು ಕುಡಿಯುತ್ತವೆ.

ನಾಟಿಯಾದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನಂಥ ಚುಕ್ಕೆ ಬಿದ್ದು ಪೈರು ಕುಗ್ಗಿ ನಿಂತರೆ ಯೂರಿಯಾ ಕೈಗೆತ್ತಿಕೊಳ್ಳಬೇಡಿ. ಅದು ಸತುವಿನ ಕೊರತೆಯ ಲಕ್ಷಣ. ವರದಿಯಲ್ಲಿ ಸತು ಕಡಿಮೆ ಎಂದಿದ್ದರೆ ನಾಟಿಗೆ ಮುಂಚೆ ಎಕರೆಗೆ 8ರಿಂದ 10 ಕೆ.ಜಿ. ಸತುವಿನ ಸಲ್ಫೇಟ್ ಹಾಕಿ. ಡಿ.ಎ.ಪಿ. ಜೊತೆ ಬೆರೆಸಬಾರದು, ಎರಡೂ ಕೂಡಿ ಬೇರಿಗೆ ಸಿಗದಂತಾಗುತ್ತವೆ.

ತೆಂಗಿನ ವಿಷಯ ಬೇರೆ. ಎಳನೀರು ಕಿತ್ತು ಮದ್ದೂರಿನ ಮಾರುಕಟ್ಟೆಗೆ ಕಳಿಸುವಾಗ ಪ್ರತಿ ಬುರುಡೆಯೊಂದಿಗೆ ಪೊಟ್ಯಾಷ್ ತೋಟದಿಂದ ಹೊರಟುಹೋಗುತ್ತದೆ. ಫಲ ಬಿಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನಲ್ಲಿ ಪೊಟ್ಯಾಷ್ ಎಲ್ಲಕ್ಕಿಂತ ಮೇಲಿರುವುದು ಅದಕ್ಕೇ. ಎರಡು ಕಂತಿನಲ್ಲಿ ಕೊಡಿ. ಪ್ರವಾಸಿಗರು ಕುಡಿದು ಬಿಟ್ಟ ಬುರುಡೆಗಳು ದರಿಯಾ ದೌಲತ್, ಸಂಗಮದ ಬಳಿ ರಾಶಿ ಬೀಳುತ್ತವೆ. ಅವನ್ನು ಸೀಳಿ, ಮರದಿಂದ ಆರರಿಂದ ಹತ್ತು ಅಡಿ ದೂರದಲ್ಲಿ ಎರಡು ಅಡಿ ಆಳದ ಕಾಲುವೆ ತೆಗೆದು, ಒಳಮೈ ಮೇಲಕ್ಕೆ ಬರುವಂತೆ ಜೋಡಿಸಿ, ಪದರಪದರವಾಗಿ ಮಣ್ಣು ಮುಚ್ಚಿ. ವರ್ಷಗಟ್ಟಲೆ ತೇವ ಹಿಡಿದಿಡುತ್ತವೆ, ಪೊಟ್ಯಾಷ್ ಕೂಡ ತೋಟಕ್ಕೆ ಹಿಂದಿರುಗುತ್ತದೆ.

ಹೊಳೆಯಂಚು ಮತ್ತು ನೆರೆ

ಹೊಳೆಯ ಅಂಚಿನವರೆಗೆ ಉಳಬೇಡಿ. ಕನಿಷ್ಠ ಹದಿನೈದು ಇಪ್ಪತ್ತು ಅಡಿ ಬಿಟ್ಟು, ನೀರಿನ ಬದಿಗೆ ಹೊಳೆಮತ್ತಿ, ನೇರಳೆ, ಹೊಂಗೆ, ಬಿದಿರು ಇರಲಿ. ಅದರ ಹಿಂದೆ ಲಾವಂಚದ ಸಾಲು, ಬುಡದಿಂದ ಬುಡಕ್ಕೆ ನಾಲ್ಕರಿಂದ ಆರು ಇಂಚು. ಲಾವಂಚದ ಬೇರು ನೇರ ಕೆಳಗಿಳಿಯುವುದರಿಂದ ಪಕ್ಕದ ಬೆಳೆಗೆ ತೊಂದರೆಯಿಲ್ಲ. ಅಂಚಿನ ಹಳೆಯ ಮರ ಕಡಿದು ಎರಡು ಸಾಲು ಕಬ್ಬು ಹೆಚ್ಚಿಗೆ ಹಾಕಿದವರು ಒಂದು ನೆರೆಗೆ ಆ ಎರಡು ಸಾಲನ್ನೂ, ಅದರ ಹಿಂದಿನ ನೆಲವನ್ನೂ ಕಳೆದುಕೊಳ್ಳುತ್ತಾರೆ. ಹೊಳೆಯಲ್ಲಿ ಮರಳು ತೆಗೆಯುವುದನ್ನು ಕಂಡರೆ ಊರಿನವರು ಒಟ್ಟಾಗಿ ತಡೆಯಬೇಕು, ಹೊಳೆಯ ತಳ ಆಳವಾದಷ್ಟೂ ದಡ ಕುಸಿಯುತ್ತದೆ.

2019ರ ಆಗಸ್ಟ್‌ನಂತೆ ಜಲಾಶಯದಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟು ತಗ್ಗಿನ ಗದ್ದೆಗಳು ಮುಳುಗಿದಾಗ, ನೀರಿಳಿದ ಮೇಲೆ ಅವಸರ ಮಾಡಬೇಡಿ. ಒದ್ದೆ ಮಣ್ಣಿನ ಮೇಲೆ ಟ್ರ್ಯಾಕ್ಟರ್ ಇಳಿಸಿದರೆ ಆಗುವ ಗಟ್ಟಿ ಪದರ ಬಹಳ ಕಾಲ ಕಾಡುತ್ತದೆ. ಮೊದಲು ಬಸಿಗಾಲುವೆಯ ಕಸ ತೆಗೆದು ನೀರು ಹೋಗಲು ಬಿಡಿ. ಕೂತಿರುವುದು ಎರಡು ಮೂರು ಇಂಚಿನ ಗೋಡಾದರೆ ಅದೃಷ್ಟ, ಹಾಗೇ ಉಳುಮೆಯಲ್ಲಿ ಸೇರಿಸಿ. ಬರೀ ಮರಳು ಅರ್ಧ ಅಡಿ ಕೂತಿದ್ದರೆ ತೆಗೆಸಲೇಬೇಕು. ನೀರು ನಿಂತ ಮಣ್ಣಿನಲ್ಲಿ ಸಾರಜನಕ ಗಾಳಿಗೆ ಹೋಗಿರುತ್ತದೆ, ಆದ್ದರಿಂದ ಮೊದಲ ಬೆಳೆಯಾಗಿ ಡಯಂಚವೋ ಅಲಸಂದೆಯೋ ಹಾಕಿ, ನಂತರ ಮುಖ್ಯ ಬೆಳೆಗೆ ಹೋಗಿ.

ಎಲ್ಲವನ್ನೂ ಒಂದೇ ವರ್ಷಕ್ಕೆ ಮಾಡಲು ಹೊರಡಬೇಡಿ. ಮೊದಲ ಬೇಸಿಗೆಯಲ್ಲಿ ಗುಂಡಿ, ಮಣ್ಣು ಪರೀಕ್ಷೆ, ಬಸಿಗಾಲುವೆ. ಆ ಮುಂಗಾರಿಗೆ ಅರ್ಧ ಜಮೀನಿಗಾದರೂ ಹಸಿರೆಲೆ. ಕಬ್ಬು ಕಡಿದಾಗ ತರಗು ಹಾಸುವುದು. ಎರಡನೇ ವರ್ಷ ಬದುವಿನ ಗಿಡ, ಲಾವಂಚ, ತೆಂಗಿನ ಬುರುಡೆಯ ಕಾಲುವೆ. ಮೂರನೇ ವರ್ಷ, ಮೊದಲು ತೆಗೆದ ತಿಂಗಳಲ್ಲೇ, ಅದೇ ಜಾಗಗಳಿಂದ ಮತ್ತೆ ಮಣ್ಣು ತೆಗೆದು ಅದೇ ಪ್ರಯೋಗಾಲಯಕ್ಕೆ ಕೊಡಿ. ಸಾವಯವ ಇಂಗಾಲ ನಿಧಾನವಾಗಿ ಏರುವಂಥದ್ದು, 0.40 ಇದ್ದದ್ದು 0.45 ಆಗಿದ್ದರೂ ಕೆಲಸ ಸರಿದಾರಿಯಲ್ಲಿದೆ. ಇಳಿದಿದ್ದರೆ ತರಗು, ಸೊಪ್ಪು ಎಷ್ಟು ಸೇರಿತ್ತು ಎಂದು ನಿಮ್ಮ ಪುಸ್ತಕದಲ್ಲಿ ನೋಡಿ, ಎರಡೂ ವರದಿಗಳನ್ನು ಹಿಡಿದುಕೊಂಡು ವಿ.ಸಿ. ಫಾರಂಗೆ ಹೋಗಿ ಮಾತಾಡಿ.